ಊರಿನ ಗಣಕ, ಪರವೂರಿನ ಕಿಟಕಿ

ಮನುಷ್ಯನಿರುವ ಊರು ಒಂದು, ಅವನ ಕೆಲಸ ನಡೆಯುವ ಊರು ಇನ್ನೊಂದು ಆಗಿರಬಹುದೆಂಬುದನ್ನು ಗಡಿನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಾಗವಾಡದ ರೈತನು ಔಷಧೋಪಚಾರಕ್ಕೆಂದು ಮೀರಜಕ್ಕೆ ಹೋಗುತ್ತಾನೆ. ನಿಪ್ಪಾಣಿಯ ವ್ಯಾಪಾರಿಯು ಕೊಲ್ಲಾಪುರದ ಧಾರಣೆ ಕೇಳಿಕೊಂಡು ತನ್ನ ಅಂಗಡಿಯ ಲೆಕ್ಕ ಹಾಕುತ್ತಾನೆ. ಅಥಣಿಯಲ್ಲಿ ಹೊಲಿದ ಚಪ್ಪಲಿ ಕೊಲ್ಲಾಪುರಿ ಎಂಬ ಹೆಸರು ಹೊತ್ತು ಮುಂಬಯಿಯ ಬೀದಿಗಳಲ್ಲಿ ನಡೆದಾಡುತ್ತದೆ. ಚಿಕ್ಕೋಡಿ, ರಾಯಬಾಗಗಳ ಎಷ್ಟೋ ಮನೆಗಳಲ್ಲಿ ಹಿರಿಯರು ಊರಲ್ಲಿದ್ದಾರೆ, ಮಕ್ಕಳು ಪುಣೆಯಲ್ಲಿದ್ದಾರೆ. ವರ್ಷದಲ್ಲಿ ನಾಲ್ಕು ತಿಂಗಳು ಹಿರಿಯರೂ ಅಲ್ಲಿಯೇ ಇರಬೇಕಾಗುತ್ತದೆ. ಹೀಗೆ ಎರಡೂರಿನ ಬದುಕು ಬಾಳುವವರಿಗೆ ಒಂದು ಪ್ರಶ್ನೆ ಎದುರಾಗದೆ ಇರದು: ಊರ ಮನೆಯಲ್ಲಿ ಬಿಟ್ಟುಬಂದ ಪುಸ್ತಕ, ಕಾಗದಪತ್ರ, ಬರವಣಿಗೆ ಇವುಗಳನ್ನು ಪರವೂರಿನಿಂದ ಮುಟ್ಟುವುದು ಹೇಗೆ?

ಈ ಪ್ರಶ್ನೆ ಹೊಸದಲ್ಲ. ನಮ್ಮ ಚಿಕ್ಕೋಡಿ ತಾಲೂಕಿನ ಸದಲಗಾದಲ್ಲಿ 1906ರಲ್ಲಿ ಹುಟ್ಟಿ, ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಡಾ. ಆ. ನೇ. ಉಪಾಧ್ಯೆಯವರು ಪ್ರಾಕೃತ ಗ್ರಂಥಗಳನ್ನು ಸಂಪಾದಿಸಿ ವಿದ್ವತ್ ಲೋಕದಲ್ಲಿ ಹೆಸರಾದವರು. ಅವರಂಥ ಸಂಪಾದಕರ ಕಾಲದಲ್ಲಿ ದೂರದ ಗ್ರಂಥ ಭಂಡಾರದ ಹಸ್ತಪ್ರತಿಯನ್ನು ನೋಡಲು ಇದ್ದ ದಾರಿಗಳು ಬಹಳವಿಲ್ಲ. ಒಂದೋ ಓದುವವನು ಭಂಡಾರಕ್ಕೆ ಹೋಗಬೇಕು. ಇಲ್ಲವೆ ಹಸ್ತಪ್ರತಿಯನ್ನಾಗಲಿ, ಮಾಡಿಸಿದ ನಕಲನ್ನಾಗಲಿ ತನ್ನಲ್ಲಿಗೆ ತರಿಸಿಕೊಳ್ಳಬೇಕು. ಹೋಗುವುದು ಶ್ರಮ. ಮೂಲವನ್ನು ತರಿಸಿಕೊಂಡರೆ ದಾರಿಯಲ್ಲಿ ಅದಕ್ಕೆ ಅಪಾಯ. ನಕಲಿನಲ್ಲಿ ಲಿಪಿಕಾರನ ತಪ್ಪುಗಳು ನುಸುಳುತ್ತವೆ. ಎರಡು ನಕಲುಗಳಾದರೆ ಯಾವುದು ಸರಿ ಎಂಬ ವಿವಾದ ಬೇರೆ. ಗಣಕಯಂತ್ರದ ಈ ಕಾಲದಲ್ಲಿ ಮತ್ತೊಂದು ದಾರಿ ತೆರೆದಿದೆ. ಗ್ರಂಥವು ಭಂಡಾರದಲ್ಲಿಯೇ ಇರುತ್ತದೆ, ಓದುಗನು ತನ್ನ ಊರಿನಲ್ಲಿಯೇ ಇರುತ್ತಾನೆ; ಇಬ್ಬರ ನಡುವೆ ಒಂದು ಕಿಟಕಿ ಮಾತ್ರ ಪ್ರಯಾಣ ಮಾಡುತ್ತದೆ. ಇಂದಿನ ನನ್ನ ಮಾತು ಆ ಕಿಟಕಿಯನ್ನು ಕುರಿತದ್ದು.

ಮೊದಲು ಯಂತ್ರದ ಪರಿಚಯ ಮಾಡಿಕೊಳ್ಳೋಣ. ಮನೆಯ ಒಂದು ಮೂಲೆಯಲ್ಲಿ ಸದಾ ಚಾಲೂ ಇರುವ, ಕಡತಗಳನ್ನು ಕಾಯ್ದುಕೊಂಡು, ಕೇಳಿದಾಗ ಒದಗಿಸುವ ಗಣಕಕ್ಕೆ ಸರ್ವರ್ ಎನ್ನುತ್ತಾರೆ. ಅದು ದೊಡ್ಡದಾಗಿರಬೇಕೆಂಬ ನಿಯಮವೇನೂ ಇಲ್ಲ. ಮಕ್ಕಳು ಬಿಟ್ಟುಹೋದ ಹಳೆಯ ಗಣಕವೂ ಆದೀತು. ಅದರೊಳಗೆ ಬಹುಮಟ್ಟಿಗೆ ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆ ಇರುತ್ತದೆ. ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ 1991ರಲ್ಲಿ ಅದರ ತಿರುಳನ್ನು ಬರೆದು ಲೋಕಕ್ಕೆ ಬಿಟ್ಟುಕೊಟ್ಟನು. ಯಾರೂ ಅದನ್ನು ಬೆಲೆ ಕೊಡದೆ ಪಡೆಯಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು. ನಮ್ಮ ರಾಜ್ಯದ ಸರಕಾರಿ ಪ್ರೌಢಶಾಲೆಗಳ ಶಿಕ್ಷಕರಲ್ಲಿ ಅನೇಕರಿಗೆ ಇದರ ಉಬುಂಟು ಎಂಬ ರೂಪ 2010ರ ದಶಕದ ತರಬೇತಿಗಳಿಂದಲೇ ಪರಿಚಿತವಾಗಿದೆ.

ನನ್ನ ಅಗತ್ಯವನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ. ಗಡಿಭಾಗದ ಆಡುಮಾತಿನ ಪದಗಳನ್ನು, ಅಂದರೆ ತಂಬಾಕಿನ ವಖಾರಿಯ, ಕಬ್ಬಿನ ಗಾಣದ, ಚಪ್ಪಲಿ ಹೊಲಿಯುವವರ ಮನೆಯ ಮಾತುಗಳನ್ನು ಹಲವು ವರ್ಷ ಕೂಡಿಹಾಕಿದ್ದೇನೆ. ಅವುಗಳ ಬಹುಭಾಗ ಹಳೆಯ ನುಡಿ ಅಕ್ಷರಶೈಲಿಯಲ್ಲಿ ಬೆರಳಚ್ಚಾದದ್ದು. ಯೂನಿಕೋಡ್ ಬಳಕೆಗೆ ಬರುವ ಮುನ್ನ ಕನ್ನಡವನ್ನು ಬೆರಳಚ್ಚು ಮಾಡಿದವರಿಗೆಲ್ಲ ಈ ತೊಡಕು ಗೊತ್ತು. ಆ ಕಡತಗಳಲ್ಲಿ ಕನ್ನಡ ಅಕ್ಷರಗಳಿಲ್ಲ. ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೆ ಕನ್ನಡದ ಆಕೃತಿಗಳ ವೇಷ ಹಾಕಿಸಲಾಗಿದೆ, ಅಷ್ಟೆ. ವೇಷದ ಪೆಟ್ಟಿಗೆ, ಅಂದರೆ ಆ ಅಕ್ಷರಶೈಲಿ, ಇರುವ ಗಣಕದಲ್ಲಿ ಅದು ಕನ್ನಡ. ಇಲ್ಲದ ಗಣಕದಲ್ಲಿ ಅರ್ಥವಿಲ್ಲದ ರೋಮನ್ ಲಿಪಿಯ ರಾಶಿ. ಇಂಥ ಕಡತವನ್ನು ಪುಣೆಗೆ ಕಳಿಸಿಕೊಂಡರೆ ಪ್ರಯೋಜನವಿಲ್ಲ. ಅದನ್ನು ತೆರೆಯಬಲ್ಲ ತಂತ್ರಾಂಶ, ಅಕ್ಷರಶೈಲಿ, ಪದಗಳ ವಿಂಗಡಣೆ ಎಲ್ಲವೂ ಚಿಕ್ಕೋಡಿಯ ಗಣಕದಲ್ಲಿವೆ. ಆದ್ದರಿಂದ ಕಡತವನ್ನು ಇಲ್ಲಿಗೆ ತರುವುದಕ್ಕಿಂತ ತಂತ್ರಾಂಶವನ್ನು ಅಲ್ಲಿಯೇ ಓಡಿಸಿ, ಅದರ ಮುಖವನ್ನು ಮಾತ್ರ ಇಲ್ಲಿ ನೋಡುವುದು ಲೇಸು.

ಇದು ಸಾಧ್ಯವಾದದ್ದು ಹೇಗೆ? ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯಲ್ಲಿ 1983ರಲ್ಲಿ ಅಥೀನಾ ಎಂಬ ಯೋಜನೆ ಪ್ರಾರಂಭವಾಯಿತು. ಆವರಣದಲ್ಲಿ ಬೇರೆಬೇರೆ ಕಂಪನಿಗಳ ಗಣಕಗಳು ಹರಡಿಕೊಂಡಿದ್ದವು; ವಿದ್ಯಾರ್ಥಿಯು ಯಾವ ಗಣಕದ ಮುಂದೆ ಕುಳಿತರೂ ಇನ್ನಾವುದೋ ಗಣಕದ ತಂತ್ರಾಂಶವನ್ನು ಬಳಸುವಂತಾಗಬೇಕಿತ್ತು. ಈ ಹಂಬಲದಿಂದ ಬಾಬ್ ಶೈಫ್ಲರ್ ಮತ್ತು ಜಿಮ್ ಗೆಟ್ಟಿಸ್ ಎಂಬಿಬ್ಬರು 1984ರಲ್ಲಿ ಒಂದು ಕಿಟಕಿ ವ್ಯವಸ್ಥೆಯನ್ನು ರಚಿಸಿದರು. ಅದಕ್ಕೆ ಮುಂಚೆ ಸ್ಟ್ಯಾನ್‌ಫರ್ಡಿನಲ್ಲಿ ಡಬ್ಲ್ಯೂ ಎಂಬ ವ್ಯವಸ್ಥೆಯಿತ್ತು. ವರ್ಣಮಾಲೆಯಲ್ಲಿ ಅದರ ಮುಂದಿನ ಅಕ್ಷರ ಎಕ್ಸ್. ಅದೇ ಹೆಸರಾಯಿತು. 1987ರಲ್ಲಿ ಅದರ ಹನ್ನೊಂದನೆಯ ರೂಪ ಹೊರಬಂದಿತು. ಎಕ್ಸ್ ಹನ್ನೊಂದು ಎಂದೇ ಕರೆಯಲಾಗುವ ಆ ಒಡಂಬಡಿಕೆಯ ಮೇಲೆ ಲಿನಕ್ಸಿನ ಕಿಟಕಿಗಳು ಮೂರು ದಶಕ ನಿಂತವು.

ಎಕ್ಸ್ ವ್ಯವಸ್ಥೆಯಲ್ಲಿ ಹೊಸಬರನ್ನು ಗಲಿಬಿಲಿಗೊಳಿಸುವ ಒಂದು ಮಾತಿದೆ. ಚಿಕ್ಕೋಡಿಯಲ್ಲಿರುವ ಗಣಕ ಸರ್ವರ್, ಪುಣೆಯಲ್ಲಿ ಮಡಿಲಮೇಲಿರುವ ಪುಟ್ಟ ಗಣಕ ಅದರ ಗಿರಾಕಿ ಎಂದು ನಾವು ಸಹಜವಾಗಿ ತಿಳಿಯುತ್ತೇವೆ. ಎಕ್ಸ್‌ನ ಭಾಷೆಯಲ್ಲಿ ಇದು ತಿರುವುಮುರುವು. ಪರದೆ, ಕೀಲಿಮಣೆ, ಮೌಸ್ ಇರುವ ಕಡೆಯೇ ಸರ್ವರ್. ದೂರದಲ್ಲಿ ಓಡುವ ತಂತ್ರಾಂಶವೇ ಗಿರಾಕಿ. ಚಿಕ್ಕೋಡಿ ರೋಡ್ ನಿಲ್ದಾಣದಲ್ಲಿ ಇಳಿದ ಪರಸ್ಥಳದವನು ಚಿಕ್ಕೋಡಿ ಎಲ್ಲಿ ಎಂದು ಹುಡುಕಿ ಬೇಸ್ತು ಬೀಳುವುದು ನಮಗೆ ಹೊಸದಲ್ಲ. ಹೆಸರು ಒಂದು ಕಡೆ, ಊರು ಹಲವು ಮೈಲಿ ಆಚೆ. ಆದರೆ ಎಕ್ಸ್‌ನ ಹೆಸರಿಗೆ ಒಂದು ನ್ಯಾಯವಿದೆ. ಶ್ರೀಕೃಷ್ಣ ಪಾರಿಜಾತದ ಮೇಳವನ್ನು ನೆನೆಯಿರಿ. ಅಟ್ಟ, ಪರದೆ, ದೀಪ, ಕೂಡುವ ಚಾಪೆ ಎಲ್ಲವೂ ಆಟ ಆಡಿಸುವ ಊರಿನವು. ಮೇಳ ಹೊರಗಿನಿಂದ ಬಂದು, 'ಇಷ್ಟು ಜಾಗ ಕೊಡಿರಿ, ಇಲ್ಲಿ ದೀಪ ಹಚ್ಚಿರಿ' ಎಂದು ಕೇಳುತ್ತದೆ. ರಂಗದ ಸೇವೆಯನ್ನು ಒದಗಿಸುವವರು ಊರಿನವರು, ಕೇಳುವವರು ಮೇಳದವರು. ಅಂತೆಯೇ ಪರದೆಯ ಸೇವೆಯನ್ನು ಒದಗಿಸುವುದು ನಮ್ಮೆದುರಿನ ಗಣಕ, ಕೇಳುವುದು ದೂರದ ತಂತ್ರಾಂಶ. ಒಂದೇ ಅಟ್ಟದ ಮೇಲೆ ನಾಲ್ಕೂರಿನ ನಾಲ್ಕು ಮೇಳಗಳು ಒಟ್ಟಿಗೆ ಜಾಗ ಹಂಚಿಕೊಂಡು ಆಡಬಹುದೆಂಬುದು ಮಾತ್ರ ಗಣಕದ ಹೆಚ್ಚುಗಾರಿಕೆ.

ಇನ್ನು ತಂತಿಯ ಮೇಲೆ ಹರಿಯುವುದು ಏನು? ಮೂಲ ಎಕ್ಸ್‌ನಲ್ಲಿ ಹರಿದದ್ದು ಬಹುಮಟ್ಟಿಗೆ ಚಿತ್ರವಲ್ಲ, ಚಿತ್ರ ಬಿಡಿಸುವ ಆಜ್ಞೆ. ನಮ್ಮ ತಾಯಂದಿರು ರಂಗೋಲಿಯನ್ನು ಒಬ್ಬರಿಂದೊಬ್ಬರು ಕಲಿತದ್ದು ಹಾಗೆ: ಇಷ್ಟು ಚುಕ್ಕೆ, ಇಷ್ಟು ಸಾಲು, ಒಂದನ್ನು ಬಿಟ್ಟು ಒಂದನ್ನು ಸೇರಿಸು. ಈ ಎರಡು ಮಾತು ಕೇಳಿಸಿಕೊಂಡ ಆಚೆಯವಳು ತನ್ನ ಅಂಗಳದಲ್ಲಿ ಅದೇ ರಂಗೋಲಿಯನ್ನು ಬಿಡಿಸುತ್ತಾಳೆ. ಹಿಟ್ಟನ್ನು ಹೊತ್ತು ತರಬೇಕಾಗಿಲ್ಲ. 'ಇಂಥಲ್ಲಿಂದ ಇಂಥಲ್ಲಿಗೆ ಗೆರೆ ಎಳೆ, ಈ ಚೌಕಕ್ಕೆ ಬಣ್ಣ ತುಂಬು, ಇಲ್ಲಿ ಈ ಅಕ್ಷರ ಇಡು' ಎಂದು ದೂರದ ತಂತ್ರಾಂಶ ಹೇಳುತ್ತದೆ, ನಮ್ಮ ಪರದೆ ಬಿಡಿಸುತ್ತದೆ. ಹಿಂದಿರುಗಿ ಹೋಗುವುದು ಇನ್ನೂ ಚಿಕ್ಕ ಸುದ್ದಿ: ಇಂಥ ಕೀಲಿಯನ್ನು ಒತ್ತಿದರು, ಮೌಸ್ ಇಂಥ ಕಡೆ ಸರಿಯಿತು. ಬಾನುಲಿಯಲ್ಲಿ ಮಾತು ಒಂದೇ ಕಡೆಗೆ ಹರಿಯುತ್ತದೆ. ಕೇಳುವವನು ತಲೆದೂಗಿದರೆ ಮಾತಾಡುವವನಿಗೆ ಅದು ತಿಳಿಯದು. ಇಲ್ಲಿ ಹರಿವು ಎರಡು ಕಡೆಗೂ ಇದೆ. ಆದುದರಿಂದಲೇ ಅದು ನೋಟವಷ್ಟೇ ಆಗದೆ ಕೆಲಸವೂ ಆಗುತ್ತದೆ.

ಈ ಮಾತುಕತೆಯನ್ನು ಬಯಲಿನಲ್ಲಿ ನಡೆಸುವುದು ಅಪಾಯಕರ. ಮೊದಲಿನ ಎಕ್ಸ್ ತನ್ನ ಮಾತನ್ನು ತೆರೆದ ಅಂಚೆ ಕಾರ್ಡಿನಂತೆ ಕಳಿಸುತ್ತಿತ್ತು; ದಾರಿಯಲ್ಲಿರುವವರಾರೂ ಓದಬಹುದಾಗಿತ್ತು. 1995ರಲ್ಲಿ ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಸಂಶೋಧಕರಾಗಿದ್ದ ತಾತು ಉಲೊನೆನ್ ಅವರು, ಜಾಲದಲ್ಲಿ ಗುಪ್ತಪದಗಳನ್ನು ಕದ್ದ ಪ್ರಸಂಗವೊಂದರ ತರುವಾಯ, ಎಸ್‌ಎಸ್‌ಎಚ್ ಎಂಬ ಸಾಧನವನ್ನು ರಚಿಸಿದರು. ಅದು ಎರಡು ಗಣಕಗಳ ನಡುವೆ ಅರಗಿನ ಮುದ್ರೆ ಒತ್ತಿದ ಲಕೋಟೆಯಲ್ಲಿ ಮಾತು ಸಾಗಿಸುತ್ತದೆ. ಅದರೊಳಗೆ ಎಕ್ಸ್‌ನ ಕಿಟಕಿಯನ್ನೂ ಸಾಗಿಸುವ ವ್ಯವಸ್ಥೆಯಿದೆ. ಪುಣೆಯ ಗಣಕದಲ್ಲಿಯೂ ಲಿನಕ್ಸ್ ಇದ್ದರೆ, ಎಸ್‌ಎಸ್‌ಎಚ್ ಎಂದು ಬರೆದು, ಅಡ್ಡಗೆರೆಯೊಂದನ್ನು ಹಾಕಿ, ದೊಡ್ಡ ಎಕ್ಸ್ ಅಕ್ಷರವನ್ನು ಸೇರಿಸಿ, ಮನೆಯ ಗಣಕದ ಹೆಸರನ್ನು ಕೊಟ್ಟರೆ ಸಾಕು. ಅನಂತರ ಬೇಕಾದ ತಂತ್ರಾಂಶದ ಹೆಸರು ಬರೆದೊಡನೆ ಅದು ಚಿಕ್ಕೋಡಿಯಲ್ಲಿ ಎದ್ದು, ಅದರ ಕಿಟಕಿ ಪುಣೆಯಲ್ಲಿ ತೆರೆಯುತ್ತದೆ. ಪಕ್ಕದಲ್ಲಿರುವ ಕಿಟಕಿ ಅದೇ ಗಣಕದ್ದು, ಇದು ಮುನ್ನೂರು ಕಿಲೋಮೀಟರು ಆಚೆಯದು ಎಂದು ಯಾರಾದರೂ ಹೇಳಿದ ಹೊರತು ತಿಳಿಯುವುದಿಲ್ಲ.

ಹಾಗಾದರೆ ದೂರವೆಂಬುದು ಇಲ್ಲವಾಯಿತೆ? ಆಗಲಿಲ್ಲ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು ಓಡುತ್ತದೆ. ಚಿಕ್ಕೋಡಿಯಿಂದ ಪುಣೆಗೆ ಹೋಗಿಬರಲು ಅದಕ್ಕೆ ಬೇಕಾದದ್ದು ಸೆಕೆಂಡಿನ ಸಾವಿರದಲ್ಲಿ ಮೂರು ಭಾಗ. ನಡುವಣ ಕಟ್ಟೆಗಳಲ್ಲಿ ನಿಂತು ಸುತ್ತಿ ಬರುವುದರಿಂದ ಅದು ಹತ್ತುಪಟ್ಟಾದರೂ ನಮ್ಮ ಗಮನಕ್ಕೆ ಬಾರದು. ಆದರೆ ಮಗಳು ಅಮೆರಿಕದ ಪಶ್ಚಿಮ ತೀರದಲ್ಲಿದ್ದು ಅಲ್ಲಿಂದ ಕಿಟಕಿ ತೆರೆದರೆ ಒಂದು ಹೋಗಿಬರುವಿಕೆಗೆ ಕಾಲು ಸೆಕೆಂಡು ಹಿಡಿಯಬಹುದು. ಒಂದು ಸಲಕ್ಕೆ ಅದು ದೊಡ್ಡದಲ್ಲ. ಎಕ್ಸ್‌ನ ತಂತ್ರಾಂಶಗಳಿಗಾದರೋ ಒಂದು ಸ್ವಭಾವವಿದೆ. ಅವು ಹೆಜ್ಜೆಹೆಜ್ಜೆಗೂ 'ಪರದೆ ಎಷ್ಟು ಅಗಲ? ಈ ಬಣ್ಣ ಇದೆಯೆ?' ಎಂದು ಪ್ರಶ್ನೆ ಕೇಳಿ, ಉತ್ತರ ಬರುವತನಕ ಕೈಕಟ್ಟಿ ನಿಲ್ಲುತ್ತವೆ. ಇಂಥ ಪ್ರಶ್ನೆಗಳು 200 ಆದರೆ ಕಿಟಕಿ ತೆರೆಯುವುದಕ್ಕೇ 50 ಸೆಕೆಂಡು. ದಾರಿಯನ್ನು ಎಷ್ಟು ಅಗಲ ಮಾಡಿದರೂ ಈ ವಿಳಂಬ ತಗ್ಗದು. ಅದು ದಾರಿಯ ಉದ್ದದಿಂದ ಬಂದದ್ದು. ಎಕ್ಸ್ ಒಂದು ಆವರಣದೊಳಗಿನ ಮಾತುಕತೆಗೆಂದು ಹುಟ್ಟಿತು. ಖಂಡಾಂತರದ ಸಂವಾದಕ್ಕೆ ಅದರ ಉಸಿರು ಸಾಲದು.

ಇದಕ್ಕೆ ಪರಿಹಾರವಾಗಿ ಬಂದದ್ದು ಚಿತ್ರವನ್ನೇ ಕಳಿಸುವ ಮಾರ್ಗ. ಇದರ ಕಥೆಯಲ್ಲಿ ಒಂದು ಕಾಫಿ ಪಾತ್ರೆ ಬರುತ್ತದೆ. 1991ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಗಣಕ ಪ್ರಯೋಗಾಲಯದ ಸಂಶೋಧಕರು, ಟ್ರೋಜನ್ ಕೋಣೆಯೆಂಬಲ್ಲಿದ್ದ ಒಂದೇ ಕಾಫಿ ಪಾತ್ರೆಯನ್ನು ಆಶ್ರಯಿಸಿದ್ದರು. ಮಹಡಿ ಇಳಿದು ಬಂದರೆ ಪಾತ್ರೆ ಬರಿದಾಗಿರುತ್ತಿತ್ತು. ಆಗ ಅವರು ಅದರ ಮುಂದೆ ಒಂದು ಕ್ಯಾಮರಾ ನಿಲ್ಲಿಸಿ, ಅದರ ಚಿತ್ರ ತಮ್ಮ ತಮ್ಮ ಪರದೆಯ ಮೇಲೆ ಎಕ್ಸ್ ಕಿಟಕಿಯೊಂದರಲ್ಲಿ ಮೂಡುವಂತೆ ಮಾಡಿದರು. 1993ರಲ್ಲಿ ಜಗತ್ತಿಗೆಲ್ಲ ಕಾಣಿಸತೊಡಗಿದ ಆ ಪಾತ್ರೆಯ ನೋಟ 2001ರಲ್ಲಿ ನಿಂತಿತು. ಆ ಕಿಟಕಿಯ ತಂತ್ರಾಂಶ ಬರೆದ ಕ್ವೆಂಟಿನ್ ಸ್ಟ್ಯಾಫರ್ಡ್ ಫ್ರೇಸರ್ ಅವರೂ ಸೇರಿದ್ದ, ಅದೇ ಊರಿನ ಒಲಿವೆಟ್ಟಿ ಸಂಶೋಧನಾಲಯದ ತಂಡವೊಂದು 1990ರ ದಶಕದ ಕೊನೆಯಲ್ಲಿ ವಿ.ಎನ್.ಸಿ. ಎಂಬ ಸಾಧನವನ್ನು ಹೊರತಂದಿತು. ಇದರಲ್ಲಿ ಆಜ್ಞೆಗಳ ಗೊಡವೆಯಿಲ್ಲ. ದೂರದ ಗಣಕವು ತನ್ನ ಪರದೆಯನ್ನು ತಾನೇ ಬಿಡಿಸಿಕೊಂಡು, ಬಿಡಿಸಿದ ಚಿತ್ರವನ್ನು ನಮಗೆ ಕಳಿಸುತ್ತದೆ.

ಚಿತ್ರವೆಂದರೆ ಭಾರವಾದ ಸಾಮಾನು. ಇಂದಿನ ಸಾಧಾರಣ ಪರದೆಯಲ್ಲಿ ಅಡ್ಡಕ್ಕೆ 1,920, ಉದ್ದಕ್ಕೆ 1,080, ಒಟ್ಟು 20,73,600 ಚುಕ್ಕೆಗಳಿವೆ. ಒಂದೊಂದು ಚುಕ್ಕೆಯ ಬಣ್ಣಕ್ಕೆ ಮೂರು ಬೈಟುಗಳಂತೆ ಒಂದು ನೋಟಕ್ಕೆ ಸುಮಾರು 62 ಲಕ್ಷ ಬೈಟುಗಳು. ಸೆಕೆಂಡಿಗೆ ಮೂವತ್ತು ನೋಟ ಕಳಿಸಬೇಕೆಂದರೆ ಸುಮಾರು 18 ಕೋಟಿ 66 ಲಕ್ಷ ಬೈಟುಗಳು. ನಮ್ಮ ಊರುಗಳ ಮನೆಯ ಸಂಪರ್ಕ ಇದನ್ನು ಹೊರಲಾರದು. ಆದ್ದರಿಂದ ಬದಲಾದ ಭಾಗವನ್ನಷ್ಟೇ, ಅದನ್ನೂ ಅದುಮಿ ಸಣ್ಣದು ಮಾಡಿ, ಕಳಿಸುತ್ತಾರೆ. ನಾನು ಒಂದು ಅಕ್ಷರ ಬರೆದರೆ ಆ ಅಕ್ಷರದ ಸುತ್ತಲಿನ ಪುಟ್ಟ ಚೌಕ ಮಾತ್ರ ಬರುತ್ತದೆ. ಬರವಣಿಗೆಯ ಕೆಲಸಕ್ಕೆ ಇದು ಧಾರಾಳವಾಗಿ ಸಾಕು. ಚಲನಚಿತ್ರ ನೋಡುವವರಿಗೆ ಸಾಲದು. ಇನ್ನೊಂದು ಸಂಗತಿ: ಹೊಸ ಕಾಲದ ತಂತ್ರಾಂಶಗಳು ಎಕ್ಸ್‌ನ ಗೆರೆ, ಚೌಕಗಳ ಆಜ್ಞೆಯನ್ನು ಹೆಚ್ಚಾಗಿ ಬಿಟ್ಟು, ತಾವೇ ಚಿತ್ರ ಸಿದ್ಧಮಾಡಿ ಎಕ್ಸ್‌ನ ಕೈಗೆ ಕೊಡುತ್ತವೆ. ರಂಗೋಲಿಯ ಮಾತು ಹೇಳಬೇಕಾದಲ್ಲಿ ಹಿಟ್ಟನ್ನೇ ಹೊರತೊಡಗಿದರೆ ಹಳೆಯ ಮಾರ್ಗದ ಲಾಭ ಎಲ್ಲಿ ಉಳಿಯಿತು?

ವಿ.ಎನ್.ಸಿ.ಯಂಥ ಮಾರ್ಗಕ್ಕೆ ಮತ್ತೊಂದು ಗುಣವಿದೆ. ಎಸ್‌ಎಸ್‌ಎಚ್ ಮೂಲಕ ತೆರೆದ ಎಕ್ಸ್ ಕಿಟಕಿಯ ಪಾಲಿಗೆ ಸಂಪರ್ಕವೇ ಪ್ರಾಣ. ಪುಣೆಯಲ್ಲಿ ಸಂಪರ್ಕ ಕಡಿದರೆ ಚಿಕ್ಕೋಡಿಯಲ್ಲಿ ಓಡುತ್ತಿದ್ದ ತಂತ್ರಾಂಶವೂ ಸಾಯುತ್ತದೆ, ಉಳಿಸದ ಬರವಣಿಗೆ ಅದರೊಡನೆ ಹೋಗುತ್ತದೆ. ವಿ.ಎನ್.ಸಿ.ಯಲ್ಲಿ ಹಾಗಲ್ಲ. ಪರದೆ ಮನೆಯ ಗಣಕದ ಮನಸ್ಸಿನಲ್ಲಿ ಉಳಿದಿರುತ್ತದೆ. ಮರುದಿನ ಮತ್ತೆ ಸೇರಿಕೊಂಡರೆ ಅರ್ಧಕ್ಕೆ ನಿಂತ ವಾಕ್ಯ ಅಲ್ಲಿಯೇ ಕಾದಿರುತ್ತದೆ. ಒಂದೊಂದೇ ಕಿಟಕಿಯನ್ನು ಹೀಗೆ ಬಿಟ್ಟುಹೋಗಿ ಮರಳಿ ಹಿಡಿಯಲು ಎಕ್ಸ್‌ಪ್ರಾ ಎಂಬ ಸಾಧನವಿದೆ. ರೈಲಿನಲ್ಲಿ, ಬಸ್ಸಿನಲ್ಲಿ, ಮೊಬೈಲ್ ಸಂಪರ್ಕ ಬಂದು ಹೋಗುವ ಹಳ್ಳಿಗಳಲ್ಲಿ ಕೆಲಸ ಮಾಡುವವರು ಈ ಬಗೆಯದನ್ನೇ ಆರಿಸಿಕೊಳ್ಳಬೇಕು.

ಕನ್ನಡಿಗರು ಕೇಳಲೇಬೇಕಾದ ಪ್ರಶ್ನೆ ಈಗ ಬರುತ್ತದೆ. ಈ ಪಯಣದಲ್ಲಿ ನಮ್ಮ ಅಕ್ಷರ ಯಾವ ಮನೆಯಲ್ಲಿ ರೂಪ ತಾಳುತ್ತದೆ? ಮೂಲ ಎಕ್ಸ್‌ನಲ್ಲಿ ಅಕ್ಷರಶೈಲಿಗಳು ಪರದೆಯ ಕಡೆ ಇರುತ್ತಿದ್ದವು. ತಂತ್ರಾಂಶವು 'ಇಂಥ ಅಕ್ಷರ ಇಡು' ಎಂದರೆ ಪರದೆ ತನ್ನಲ್ಲಿದ್ದ ಅಚ್ಚಿನಿಂದ ಅದನ್ನು ಒತ್ತುತ್ತಿತ್ತು. ಪರದೆಯ ಕಡೆ ಕನ್ನಡದ ಅಚ್ಚು ಇಲ್ಲದಿದ್ದರೆ ಕನ್ನಡವೂ ಇಲ್ಲ. ಇಪ್ಪತ್ತಾರು ಬಿಡಿ ಅಕ್ಷರಗಳ ಲಿಪಿಗೆ ಇದು ಒಪ್ಪುವ ವಿಧಾನ. 'ಸ್ತ್ರೀ' ಎಂಬ ಒಂದೇ ಅಕ್ಷರದಲ್ಲಿ ಮೂರು ವ್ಯಂಜನ, ಒಂದು ಸ್ವರ ಹೆಣೆದುಕೊಳ್ಳುವ ನಮ್ಮ ಲಿಪಿಗೆ ಅಲ್ಲ. 2000ದ ಆಸುಪಾಸಿನಲ್ಲಿ ಕೀತ್ ಪ್ಯಾಕರ್ಡ್ ಮೊದಲಾದವರ ಶ್ರಮದಿಂದ ಪದ್ಧತಿ ಬದಲಾಯಿತು. ಒತ್ತಕ್ಷರ ಕೂಡಿಸುವ, ಗುಣಿತ ಸೇರಿಸುವ ಕೆಲಸವನ್ನು ತಂತ್ರಾಂಶವೇ ತನ್ನ ಮನೆಯಲ್ಲಿ ಮುಗಿಸಿ, ಸಿದ್ಧವಾದ ಆಕೃತಿಯನ್ನು ಕಳಿಸತೊಡಗಿತು. ಇದರ ಫಲವಾಗಿ ನನ್ನ ಹಳೆಯ ನುಡಿ ಕಡತ ಪುಣೆಯ ಪರದೆಯ ಮೇಲೆ ಸ್ವಚ್ಛ ಕನ್ನಡವಾಗಿ ಕಾಣುತ್ತದೆ. ಆ ಗಣಕದಲ್ಲಿ ನುಡಿಯ ಅಕ್ಷರಶೈಲಿ ಇಲ್ಲದಿದ್ದರೂ ಅಡ್ಡಿಯಿಲ್ಲ. ವೇಷ ಕಟ್ಟಿದ್ದು ಊರಿನಲ್ಲಿ.

ಬರೆಯುವಾಗ ಮಾತ್ರ ಎಚ್ಚರ ಬೇಕು. ಎಕ್ಸ್‌ನಲ್ಲಿ ಯಾವ ಕೀಲಿಗೆ ಯಾವ ಅಕ್ಷರ ಎಂಬ ಪಟ್ಟಿ ಪರದೆಯ ಕಡೆಯದು. ಆದ್ದರಿಂದ ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸವನ್ನು ಅನುಸರಿಸುವ ಕಗಪ ಕೀಲಿಮಣೆಯನ್ನು ನಮ್ಮೆದುರಿನ ಗಣಕದಲ್ಲಿಯೇ ಆರಿಸಿಕೊಳ್ಳಬೇಕು. ಇಡೀ ಪರದೆಯನ್ನು ತರಿಸಿಕೊಳ್ಳುವ ಮಾರ್ಗದಲ್ಲಾದರೆ ಇಲ್ಲಿಯ ಕೀಲಿಮಣೆ ಇಂಗ್ಲಿಷಿನಲ್ಲಿಯೇ ಇರಲಿ, ಅದನ್ನು ಕನ್ನಡ ಮಾಡುವ ಹೊಣೆ ಮನೆಯ ಗಣಕಕ್ಕಿರಲಿ. ಎರಡು ಕಡೆಯೂ ಕನ್ನಡ ಮಾಡಹೊರಟರೆ ಇಬ್ಬರು ದುಭಾಷಿಗಳ ನಡುವೆ ಸಿಕ್ಕ ಸಾಕ್ಷಿಯ ಗತಿಯಾಗುತ್ತದೆ.

ಇಷ್ಟೆಲ್ಲ ಸರಿ, ಮನೆಯ ಬಾಗಿಲು ಸಿಗುವುದು ಹೇಗೆ? ಅಂತರಜಾಲದ ಹಳೆಯ ವಿಳಾಸ ಪದ್ಧತಿಯಲ್ಲಿ ಇರುವ ವಿಳಾಸಗಳು 429 ಕೋಟಿ 49 ಲಕ್ಷದಷ್ಟು. ಏಷ್ಯ ಮತ್ತು ಪೆಸಿಫಿಕ್ ಪ್ರದೇಶದ ದಾಸ್ತಾನು 2011ರ ಏಪ್ರಿಲಿನಲ್ಲಿಯೇ ತಳ ಕಂಡಿತು. ಅದರಿಂದ ಅನೇಕ ಸಂಪರ್ಕಗಳಲ್ಲಿ ನೂರಾರು ಮನೆಗಳಿಗೆ ಒಂದೇ ಹೊರವಿಳಾಸ ಇರುತ್ತದೆ. ದೊಡ್ಡ ವಾಡೆಗೆ ಒಂದೇ ಅಗಸೆಬಾಗಿಲು ಇದ್ದ ಹಾಗೆ. ಒಳಗಿನವರು ಹೊರಗೆ ಹೋಗಬಹುದು, ಹೊರಗಿನವನಿಗೆ ಯಾವ ಮನೆ ಎಂದು ತಿಳಿಯದು. ಹೊಸ ವಿಳಾಸ ಪದ್ಧತಿಯಾದ ಐಪಿ ಆರನೆಯ ಆವೃತ್ತಿಯಲ್ಲಿ ಪ್ರತಿ ಗಣಕಕ್ಕೂ ಸ್ವಂತ ವಿಳಾಸ ದೊರೆಯಬಲ್ಲದು. ಅದಿಲ್ಲದಾಗ ಮನೆಯ ಗಣಕವೇ ಹೊರಗಿನ ಒಂದು ನಂಬಿಕೆಯ ಗಣಕಕ್ಕೆ ತಾನಾಗಿ ಸಂಪರ್ಕ ಕಲ್ಪಿಸಿಕೊಂಡು ಕಾದಿರುವಂತೆ ಮಾಡುತ್ತಾರೆ. ವೈರ್‌ಗಾರ್ಡ್ ಎಂಬ ಸಾಧನ ಈ ಬಗೆಯ ಖಾಸಗಿ ದಾರಿಯನ್ನು ಕಟ್ಟಿಕೊಡುತ್ತದೆ. 2020ರಿಂದ ಅದು ಲಿನಕ್ಸಿನ ತಿರುಳಿನಲ್ಲಿಯೇ ಸೇರಿದೆ.

ಬಾಗಿಲು ತೆರೆದ ಮೇಲೆ ಕಳ್ಳನ ಮಾತೂ ಬರಬೇಕು. ವಿ.ಎನ್.ಸಿ.ಯ ಬಾಗಿಲನ್ನು ಬೀದಿಗೆ ನೇರವಾಗಿ ತೆರೆದಿಡಬಾರದು. ಬೀಗ ಹಾಕದ ಬಾಗಿಲುಗಳನ್ನು ಹುಡುಕುತ್ತ ಹಗಲಿರುಳು ತಿರುಗುವ ಯಂತ್ರಗಳು ಜಾಲದಲ್ಲಿವೆ. ಎಸ್‌ಎಸ್‌ಎಚ್ ಅಥವಾ ವೈರ್‌ಗಾರ್ಡ್ ಎಂಬ ಹೊರಬಾಗಿಲನ್ನು ದಾಟಿಯೇ ಒಳಗೆ ಬರಬೇಕೆಂಬುದು ಮೊದಲ ನಿಯಮ. ಗುಪ್ತಪದಕ್ಕೆ ಬದಲಾಗಿ ಕೀಲಿ ಕಡತ ಬಳಸುವುದು ಎರಡನೆಯದು. ಊಹಿಸಿ ಹೇಳಬಹುದಾದ ಮಾತನ್ನು ಕದಿಯಬಹುದು, ಕೀಲಿಯನ್ನು ಊಹಿಸಲಾಗದು. ಮೂರನೆಯದು ಎಕ್ಸ್‌ನ ಒಂದು ಹುಟ್ಟುಗುಣಕ್ಕೆ ಸಂಬಂಧಿಸಿದ್ದು. ಎಕ್ಸ್‌ನಲ್ಲಿ ಒಂದೇ ಪರದೆಯ ಮೇಲಿನ ಕಿಟಕಿಗಳು ಒಂದನ್ನೊಂದು ನಂಬುತ್ತವೆ. ಒಂದು ಕಿಟಕಿಯಲ್ಲಿ ಒತ್ತಿದ ಕೀಲಿಗಳನ್ನು ಇನ್ನೊಂದು ಕದ್ದು ಕೇಳಬಲ್ಲದು. ಅಟ್ಟದ ಮೇಲೆ ಕರೆದ ಮೇಳದವರು ಊರವರ ಗಂಟಿಗೆ ಕೈಹಾಕಿದಂತೆ. ಆದುದರಿಂದ ನಮ್ಮದಲ್ಲದ, ನಂಬಿಕೆಯಿಲ್ಲದ ದೂರದ ಗಣಕದ ಎಕ್ಸ್ ಕಿಟಕಿಯನ್ನು ನಮ್ಮ ಪರದೆಗೆ ಬರಮಾಡಿಕೊಳ್ಳಬಾರದು.

ಈ ದೋಷವನ್ನೂ ಬೇರೆ ಹಲವನ್ನೂ ನಿವಾರಿಸಲು 2008ರಲ್ಲಿ ಕ್ರಿಸ್ಟಿಯಾನ್ ಹೋಗ್ಸ್‌ಬರ್ಗ್ ಎಂಬವರು ವೇಲ್ಯಾಂಡ್ ಎಂಬ ಹೊಸ ವ್ಯವಸ್ಥೆಯನ್ನು ಪ್ರಾರಂಭಿಸಿದರು. ಅಲ್ಲಿ ಕಿಟಕಿಗಳು ಒಂದರ ಮಾತನ್ನು ಒಂದು ಕೇಳಲಾರವು. ಆದರೆ ಎಕ್ಸ್‌ಗೆ ಸಹಜವಾಗಿದ್ದ ದೂರಪ್ರಯಾಣ ವೇಲ್ಯಾಂಡಿನ ಮೂಲದಲ್ಲಿ ಇರಲಿಲ್ಲ; ಅದನ್ನು ಹೊರಗಿನಿಂದ ಜೋಡಿಸಬೇಕಾಯಿತು. ಒಂದು ಕಿಟಕಿಯನ್ನಷ್ಟೇ ಸಾಗಿಸಲು ವೇಪೈಪ್ ಎಂಬ ಸಾಧನ ಬಂದಿದೆ. ಗ್ನೋಮ್ ಎಂಬ ಪರದೆ ವ್ಯವಸ್ಥೆಯ 2024ರ ಮಾರ್ಚಿನ ಆವೃತ್ತಿಯಿಂದ, ಮನೆಯ ಗಣಕದೆದುರು ಯಾರೂ ಕುಳಿತಿರದಿದ್ದರೂ ದೂರದಿಂದಲೇ ಒಳಹೊಕ್ಕು ಇಡೀ ಪರದೆಯನ್ನು ಪಡೆಯುವುದು ಸಾಧ್ಯವಾಗಿದೆ. ಉಬುಂಟುವಿನ 2025ರ ಅಕ್ಟೋಬರಿನ ಆವೃತ್ತಿಯಲ್ಲಿ ಗ್ನೋಮ್‌ನ ಹಳೆಯ ಎಕ್ಸ್ ಪರದೆಯನ್ನು ಕೈಬಿಡಲಾಯಿತು. ಹಾಗೆಂದು ಎಕ್ಸ್‌ಗಾಗಿ ಬರೆದ ತಂತ್ರಾಂಶಗಳು ಅನಾಥವಾಗಲಿಲ್ಲ. ಹೊಸ ಮನೆಯೊಳಗೆ ಅವಕ್ಕೆಂದೇ ಎಕ್ಸ್‌ವೇಲ್ಯಾಂಡ್ ಎಂಬ ಒಂದು ಹಳೆಯ ಕೋಣೆಯನ್ನು ಉಳಿಸಿದ್ದಾರೆ. ಎಸ್‌ಎಸ್‌ಎಚ್ ಮೂಲಕ ಬರುವ ಎಕ್ಸ್ ಕಿಟಕಿ ಇಂದಿಗೂ ಅಲ್ಲಿ ತೆರೆದುಕೊಳ್ಳುತ್ತದೆ.

ತಂತ್ರದ ಮಾತು ಇಲ್ಲಿಗೆ ಮುಗಿಯುತ್ತದೆ, ಮನೆವಾರ್ತೆಯ ಮಾತು ಉಳಿಯುತ್ತದೆ. ಮನೆಯ ಗಣಕವೆಂದರೆ ಮನೆಯ ವಿದ್ಯುತ್ತನ್ನು ನೆಚ್ಚಿಕೊಂಡ ಗಣಕ. ವಿದ್ಯುತ್ತು ಹೋದರೆ ಸ್ವಲ್ಪ ಹೊತ್ತು ಹಿಡಿದು ನಿಲ್ಲಿಸುವ ಬ್ಯಾಟರಿ, ಬಂದೊಡನೆ ತಾನಾಗಿ ಎದ್ದು ಕೂರುವ ಏರ್ಪಾಡು ಇವೆರಡೂ ಬೇಕು. ಸಂಪರ್ಕದ ಪೆಟ್ಟಿಗೆಯನ್ನೂ ಅದೇ ಬ್ಯಾಟರಿಗೆ ಜೋಡಿಸಬೇಕು. ಗಣಕ ಎಚ್ಚರವಿದ್ದು ದಾರಿಯೇ ಮಲಗಿದ್ದರೆ ಉಪಯೋಗವಿಲ್ಲ. ಇದಕ್ಕಿಂತ ದೊಡ್ಡ ಪಾಠವನ್ನು ಕೃಷ್ಣಾ ನದಿ ಕಲಿಸಿದೆ. 2019ರ ಆಗಸ್ಟಿನಲ್ಲಿ ಕೃಷ್ಣೆಯೂ ಅದರ ಉಪನದಿಗಳೂ ಉಕ್ಕಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ನದೀತೀರದ ಹಳ್ಳಿಗಳಿಗೆ ನೀರು ನುಗ್ಗಿತು. ಜನ ಜೀವ ಹಿಡಿದುಕೊಂಡು ಹೊರಟಾಗ ಕಾಗದಪತ್ರದ ಗಂಟನ್ನು ಯಾರು ನೋಡುತ್ತಾರೆ? ಮನೆಯಲ್ಲಿ ಇಟ್ಟದ್ದೆಲ್ಲ ಭದ್ರವೆಂಬ ನಂಬಿಕೆಯನ್ನು ಆ ನೀರು ಕೊಚ್ಚಿಕೊಂಡು ಹೋಯಿತು. ಆದ್ದರಿಂದ ಮೂಲ ಮನೆಯಲ್ಲಿರಲಿ, ಅದರ ಪ್ರತಿಯೊಂದು ಬೇರೆ ಊರಿನ, ಬೇರೆ ನದಿಯ ದಂಡೆಯ ಮನೆಯಲ್ಲಿರಲಿ. ಲಿಪಿಕಾರನ ತಪ್ಪಿಗೆ ಹೆದರಿ ನಕಲನ್ನು ದೂರವಿಡಬೇಕಾದ ಕಾಲ ಇದಲ್ಲ. ಗಣಕದ ನಕಲು ಅಕ್ಷರಕ್ಕಕ್ಷರ ಸರಿಯೋ ಇಲ್ಲವೋ ಎಂದು ಯಂತ್ರವೇ ತಾಳೆ ನೋಡಿ ಹೇಳುತ್ತದೆ.

ಹಣ ಕೊಟ್ಟರೆ ದೊಡ್ಡ ಕಂಪನಿಗಳು ನಮ್ಮ ಬರವಣಿಗೆಯನ್ನೆಲ್ಲ ತಮ್ಮ ಯಂತ್ರಗಳಲ್ಲಿ ಇಟ್ಟುಕೊಂಡು ಎಲ್ಲಿಂದ ಬೇಕಾದರೂ ತೋರಿಸುತ್ತವೆ, ಇಷ್ಟು ತಾಪತ್ರಯ ಏಕೆ ಎಂದು ಕೇಳಬಹುದು. ಅನೇಕರಿಗೆ ಅದೇ ಯೋಗ್ಯ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅಲ್ಲಿ ನಾವು ಬಾಡಿಗೆಯವರು. ಬಾಡಿಗೆ ನಿಂತ ದಿನ, ನಿಯಮ ಬದಲಾದ ದಿನ, ಹಳೆಯ ಕಡತದ ಭಾಷೆ ತನಗೆ ತಿಳಿಯದೆಂದು ಆ ಯಂತ್ರ ಹೇಳಿದ ದಿನ ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಹಳೆಯ ನುಡಿ ಅಕ್ಷರದಲ್ಲಿ ಬರೆದಿಟ್ಟ ಗಡಿನಾಡಿನ ಸಾವಿರಾರು ಮಾತುಗಳನ್ನು ಓದಬಲ್ಲ ತಂತ್ರಾಂಶವನ್ನು ಉಳಿಸಿಕೊಂಡು ಬರುವ ಆಸಕ್ತಿ ಪರದೇಶದ ಯಾವ ಕಂಪನಿಗೂ ಇರಬೇಕಾಗಿಲ್ಲ. ಅದು ನಮಗೆ ಇರಬೇಕು. ಆ ಕಡತಗಳನ್ನು ಯೂನಿಕೋಡಿಗೆ ತಿರುಗಿಸುವ ಕೆಲಸ ಸಾವಧಾನವಾಗಿ ನಡೆಯಬೇಕಾದದ್ದು. ತಿರುಗಿಸಿದ ಒಂದೊಂದು ಪುಟವನ್ನೂ ಮೂಲದೊಡನೆ ಹೋಲಿಸಿ ನೋಡಬೇಕು. ಅದು ಮುಗಿಯುವವರೆಗೆ ಹಳೆಯ ಗಣಕ ಬದುಕಿರಬೇಕು, ಅದನ್ನು ಎಲ್ಲಿದ್ದರೂ ಮುಟ್ಟುವಂತಿರಬೇಕು.

ಮನೆಗೆ ಬೀಗ ಹಾಕಿ ಮಕ್ಕಳಿರುವ ಊರಿಗೆ ಹೊರಡುವ ಹಿರಿಯರು ನಮ್ಮ ಕಡೆ ಇನ್ನು ಹೆಚ್ಚುತ್ತಾರೆಯೇ ಹೊರತು ಕಡಿಮೆಯಾಗಲಾರರು. ಅವರ ಕಪಾಟುಗಳಲ್ಲಿ ಹಾಡುಗಳಿವೆ, ವಂಶಾವಳಿಗಳಿವೆ, ಊರ ಮಾತುಗಳಿವೆ. ಮೂಲೆಯ ಗಣಕವೊಂದನ್ನು ಎಚ್ಚರವಾಗಿರಿಸಿ, ಅದರ ಕೀಲಿಯನ್ನು ಮನೆಯ ಒಬ್ಬ ಕಿರಿಯನಿಗೆ ಒಪ್ಪಿಸಿ ಹೊರಟರೆ, ಆ ಸಂಪತ್ತು ಬೀಗದ ಹಿಂದೆ ಮೌನವಾಗುವುದಿಲ್ಲ. ಕೀಲಿ ತಿರುಗಿಸಲು ಆ ಕಿರಿಯನಿಗೆ ಕಲಿಸುವ ಕೆಲಸವನ್ನು ಮಾತ್ರ ಹೊರಡುವ ಮುನ್ನವೇ ಮಾಡಬೇಕು.